ಹಲಗೆಯ ಮೇಲೊಂದು ಜಾಗ

ಗುಬ್ಬಿ
೧೨-೨-೧೯೮೭

ಪ್ರೀತಿಯ ಮಾಲಿಂಗ,

ಐದು ವರ್ಷದಿಂದ ನಿನ್ನ ಮೇಲೆ ಹಲ್ಲು ಮಸೆಯುತ್ತಿದ್ದವನ ಕಾಗದ ಇದು. ಹರಿದು ಹಾಕುವ ಮುಂಚೆ ಪೂರ್ತಿ ಓದು. ಗುಬ್ಬಿಯಿಂದ ತುಮಕೂರೇನು ದೂರವಲ್ಲ, ಬಸ್ಸು ಹತ್ತಿ ಬಂದು ಎದುರಿಗೇ ಹೇಳಬಹುದಿತ್ತು. ಯಾಕೆ ಬರೆಯುತ್ತಿದ್ದೇನೆ ಎಂಬುದು ಓದುತ್ತಾ ನಿನಗೇ ಗೊತ್ತಾಗುತ್ತದೆ.

ಎಪ್ಪತ್ಮೂರರಲ್ಲಿ ಅಕ್ಕಿ ಗಿರಣಿಯ ಹಿಂದೆ ನಾವು ಬ್ಯಾಂಡ್ ಸೆಟ್ ಕಟ್ಟಿದಾಗ ಇದ್ದದ್ದು ನನ್ನ ಕ್ಲಾರಿನೆಟ್, ನಿನ್ನ ಡ್ರಮ್, ಬೆಟ್ಟಯ್ಯನ ಕಂಚಿನ ತಾಳ ಅಷ್ಟೇ. ಮದುವೆ ಮೆರವಣಿಗೆಯಲ್ಲಿ ಸಿನಿಮಾ ಹಾಡು ನುಡಿಸಿ, ಉಂಡು ಬರುತ್ತಿದ್ದೆವು. ನಿನ್ನ ಕಿವಿ ಆಗ ಬಲು ಚುರುಕು. ನುಡಿಸುತ್ತಾ ನಾನು ಹಿಮ್ಮಡಿ ಕುಟ್ಟಿದರೆ ಸಾಕು, ನೀನು ತಿರುಗಿ ಗದರುತ್ತಿದ್ದೆ. "ಹಿಮ್ಡಿ ಕುಟ್ಬ್ಯಾಡ ಕಣ್ಲಾ ಗಂಗ. ನಿನ್ ಕಾಲ್ ಸದ್ದು ನನ್ ಲೆಕ್ಕ ತಪ್ಪಿಸ್ತದೆ." ಆ ಚಾಳಿ ನನ್ನನ್ನು ಬಿಡಲಿಲ್ಲ, ನೀನೂ ಬೈಯುವುದನ್ನು ಬಿಡಲಿಲ್ಲ.

ಆಮೇಲೆ ನೀನು ಅಂತರಸನಹಳ್ಳಿ ಕಡೆ ತಗಡು ಒತ್ತುವ ವರ್ಕ್‌ಶಾಪಿಗೆ ಸೇರಿದೆ. ದಿನವಿಡೀ ಪ್ರೆಸ್ ಮಿಷಿನ್ನಿನ ಮುಂದೆ ನಿಂತವನು ಸಂಜೆ ಅದೇ ನೀಲಿ ಬಟ್ಟೆಯಲ್ಲಿ ಅಭ್ಯಾಸಕ್ಕೆ ಬರುತ್ತಿದ್ದೆ. ಸ್ವಲ್ಪ ದಿನಕ್ಕೆ ನಮ್ಮ ಜರಿ ಪೇಟಗಳೂ ಹೋದವು, ಎಲ್ಲರಿಗೂ ನೀಲಿ ಬಟ್ಟೆಯೇ ಬಂತು. ಡ್ರಮ್ಮಿನ ಪಕ್ಕ ಖಾಲಿ ಎಣ್ಣೆ ಪೀಪಾಯಿ ಬಂತು. ಯಾವ ಸಿನಿಮಾದಲ್ಲೂ ಇಲ್ಲದ ಬಡಿತದ ಗತ್ತೊಂದು ಶುರುವಾಯಿತು. ಕೊತ್ತಗೆರೆಯ ಮದುವೆಯಲ್ಲಿ ಹೆಣ್ಣಿನ ತಂದೆ ಇದು ಮದುವೆಯೋ ಗ್ಯಾರೇಜೋ ಎಂದು ಕೂಗಾಡುತ್ತಿದ್ದರೆ, ಮದುಮಗನೇ ಜೀಪಿನಿಂದಿಳಿದು ಕುಣಿದಿದ್ದ.

ಎಲ್ಲಕ್ಕಿಂತ ವಿಚಿತ್ರ ನಿನ್ನ ಆ ಅಗಲವಾದ ಮರದ ಹಲಗೆ. ಎಲ್ಲಿಗೆ ಹೋದರೂ ಬಸ್ಸಿನ ಟಾಪ್ ಮೇಲೆ ಅದು ಬರಬೇಕು. ಎಲ್ಲರೂ ಬರಿಗಾಲಲ್ಲಿ ಅದರ ಮೇಲೇ ನಿಲ್ಲಬೇಕು, ಪೀಪಾಯಿಯೂ ಅದರ ಮೇಲೇ ಇರಬೇಕು. ನಿನಗೆ ಏನೋ ಹರಕೆ ಇದೆ ಎಂದು ಜನ ತಿಳಿದರು. ದೊಡ್ಡಗಂಗಮ್ಮ ಎನ್ನುವ ಮುದುಕಿಯೊಬ್ಬಳು ಹಲಗೆಗೆ ಕುಂಕುಮ ಹಚ್ಚಿ ಕೈ ಮುಗಿದಳು. ನೀನು ಬೇಡ ಅನ್ನಲಿಲ್ಲ, ನಾವು ನಗು ತಡೆದುಕೊಂಡೆವು.

ಎಂಬತ್ತೆರಡರಲ್ಲಿ ನೀನು ಮೊದಲು ತಾಳ ನಿಲ್ಲಿಸಿದೆ. ಬೆಟ್ಟಯ್ಯ ಪೀಪಾಯಿ ಬಡಿಯಲು ಹೋದ. ಆಮೇಲೆ ನನ್ನ ಸರದಿ. "ಕ್ಲಾರಿನೆಟ್ ಇನ್ಮ್ಯಾಲೆ ಬ್ಯಾಡ, ಬುಡು ಗಂಗ" ಎಂದೆಯೇ ಹೊರತು ಕಾರಣ ಹೇಳಲಿಲ್ಲ. ನನ್ನ ಜಾಗಕ್ಕೆ ಬೇಸ್ ಗಿಟಾರಿನವನನ್ನು ತಂದೆ, ಅವನ ಸ್ಪೀಕರ್ ಪೆಟ್ಟಿಗೆಯನ್ನೂ ಹಲಗೆಯ ಮೇಲೇ ಇಡಿಸಿದೆ. ಒಂಬತ್ತು ವರ್ಷ ಒಂದೇ ಎಲೆಯಲ್ಲಿ ಉಂಡವನಿಗೆ ಒಂದು ಕಾರಣವೂ ಇಲ್ಲವೇ ಎಂದು ನನಗೆ ಬಹಳ ನೋವಾಯಿತು, ಮಾಲಿಂಗ.

ತಗಡು ಬಡಿಯುವವರಿಗೆ ಸಂಗೀತ ಯಾಕೆ ಬೇಕು ಎಂದು ನಾನು ಊರೆಲ್ಲ ಆಡಿಕೊಂಡೆ. ಆದರೆ ನಿಮ್ಮ ಒಂದು ಕಾರ್ಯಕ್ರಮವನ್ನೂ ಬಿಡಲಿಲ್ಲ. ತಲೆಗೆ ಟವೆಲ್ ಹೊದ್ದು ಹಿಂದೆ ನಿಲ್ಲುತ್ತಿದ್ದೆ. ಹೊಟ್ಟೆಕಿಚ್ಚಿನಿಂದ ಹೋದವನು ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದೆ. ವರ್ಷದಿಂದ ವರ್ಷಕ್ಕೆ ನಿಮ್ಮ ಸದ್ದು ದಪ್ಪವಾಯಿತು, ಕೆಳಗಿಳಿಯಿತು, ಎದೆಯೊಳಗೆ ಒನಕೆ ಬಿದ್ದ ಹಾಗೆ ಬೀಳತೊಡಗಿತು. ಹೊಸ ಸ್ಟೈಲು ಎಂದು ಕಾಲೇಜು ಹುಡುಗರು ಹುಚ್ಚೆದ್ದರು. ನಾನೂ ಹಾಗೇ ಅಂದುಕೊಂಡೆ.

ಹೋದ ತಿಂಗಳು ನೀವು ಕುಣಿಗಲ್ಲಿಗೆ ಬಂದಾಗ ಕಂಡಕ್ಟರ್ ಹಲಗೆ ಹತ್ತಿಸಲು ಬಿಡಲಿಲ್ಲವಂತೆ. ಸಿಮೆಂಟು ವೇದಿಕೆಯ ಮೇಲೆ ನಿಂತಿರಿ. ಜೀವಮಾನದಲ್ಲಿ ಮೊದಲ ಸಲ ನೀನು ಗತ್ತು ತಪ್ಪಿದೆ. ಗಿಟಾರು ಒಂದು ದಾರಿ, ನೀನು ಒಂದು ದಾರಿ. ನೀನು ಯಾರ ಮುಖವನ್ನೂ ನೋಡಲಿಲ್ಲ, ನಿನ್ನ ಪಾದವನ್ನೇ ನೋಡುತ್ತಿದ್ದೆ. ಜನ ನಕ್ಕರು. ನನಗೆ ನಿಲ್ಲಲಾಗಲಿಲ್ಲ, ಹೊರಟು ಬಂದೆ.

ಮೊನ್ನೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಹೆಂಡತಿ ಕರಿಬಸಮ್ಮ ಸಿಕ್ಕಳು. ಅವನಿಗೇನಾಯಿತು ಎಂದು ಕೇಳಿದೆ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. "ಮಿಷಿನ್ ಸದ್ದಿಗೆ ಕಿವಿ ಹೋಗಿ ವರ್ಷಗಳಾದ್ವು ಕಣಣ್ಣ. ಮೊದ್ಲು ತಾಳ ಕೇಳ್ಸದಂಗಾಯ್ತು, ಆಮ್ಯಾಕೆ ನಿಮ್ ಕ್ಲಾರಿನೆಟ್ಟು. ಗಂಗ ಊದೋದು ಕಾಣ್ತದೆ, ಕೇಳ್ಸಲ್ಲ, ಅದ್ನ ನೋಡಕ್ಕಾಗಲ್ಲ ಅಂತ ಅತ್ಬಿಟ್ರು."

ಅಲ್ಲೇ ಕಲ್ಲು ಬೆಂಚಿನ ಮೇಲೆ ಕುಳಿತು ನಾನೂ ಅತ್ತೆ. ನನಗೇಕೆ ಹೇಳಲಿಲ್ಲ ಎಂದು ಬೈಯೋಣ ಅಂದುಕೊಂಡೆ. ಹೇಳಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದೆ, ನಿನಗೆ ಅದು ಬೇಕಿರಲಿಲ್ಲ. ಕೇಳಿಸದೇ ಹೋದದ್ದನ್ನೆಲ್ಲ ಒಂದೊಂದಾಗಿ ಬಿಟ್ಟುಕೊಟ್ಟು, ಹಲಗೆ ಅದುರಿ ಅಂಗಾಲಿಗೆ ಮುಟ್ಟಿಸಿದಷ್ಟರಲ್ಲೇ ಮೂರು ತಾಲ್ಲೂಕು ಕುಣಿಸಿದೆ. ಎರಡು ಕಿವಿ ನೆಟ್ಟಗಿದ್ದ ನಾನು ಐದು ವರ್ಷ ಏನು ಮಾಡಿದೆ ಹೇಳು, ಚಾಡಿ ಹೇಳಿಕೊಂಡು ತಿರುಗಿದೆ.

ಯುಗಾದಿಗೆ ಸಿ.ಎಸ್. ಪುರದಲ್ಲಿ ನಿಮ್ಮ ಕಾರ್ಯಕ್ರಮವಿದೆಯಂತೆ. ಹಲಗೆಗೆ ಬಸ್ಸು ಬೇಡ, ನಮ್ಮ ಬೀದಿಯ ರಂಗಣ್ಣನ ಟ್ರ್ಯಾಕ್ಟರಿನಲ್ಲಿ ನಾನೇ ತರುತ್ತೇನೆ. ಅದರ ತುದಿಯಲ್ಲಿ ನನಗೊಂದು ಹೆಜ್ಜೆ ಜಾಗ ಬಿಡು. ಕ್ಲಾರಿನೆಟ್ ಊರವರು ಕೇಳಿಕೊಳ್ಳಲಿ. ನಿನಗಾಗಿ ನಾನು ಹಿಮ್ಮಡಿ ಕುಟ್ಟುತ್ತೇನೆ. ಈ ಸಲ ಬೈಯಬೇಡ.

ನಿನ್ನ ಹೊಟ್ಟೆ ತಣ್ಣಗಿರಲಿ, ಅಂಗಾಲು ಚುರುಕಾಗಿರಲಿ.

ನಿನ್ನ ಗಂಗ
(ಸಿದ್ದಗಂಗಯ್ಯ)