ಶನಿವಾರದವರೆಗೆ ಬಂದ ಪೆಟ್ರೋಲು

ಅಪ್ಪಾ,

ಮೊದಲು ಸಾರಿ ಕೇಳುತ್ತೇನೆ. ಹೋದವರಿಗೆ ಕಾಗದ ಬರೆಯಬಹುದೋ ಬಾರದೋ ನನಗೆ ಗೊತ್ತಿಲ್ಲ. ನೀನಿದ್ದಾಗ ಹಾಸ್ಟೆಲ್‌ನಿಂದ ಬರೆದಿದ್ದೆಲ್ಲ ಇಂಗ್ಲಿಷಿನಲ್ಲಿ. ಅದನ್ನು ನೀನು ಪಕ್ಕದ ಮನೆ ಮೇಷ್ಟರ ಹತ್ತಿರ ಓದಿಸಿಕೊಳ್ಳುತ್ತಿದ್ದೆಯಂತೆ. ಕನ್ನಡದಲ್ಲಿ ಇದೇ ಫಸ್ಟು. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ವಿಷಯ ನಿನ್ನ ಕಾರಿನದು.

ನೀನು ಹೋದ ಮೇಲೆ ಅದು ಎಂಟು ತಿಂಗಳು ಮನೆ ಮುಂದೆ ಹೊದಿಕೆ ಹೊದ್ದುಕೊಂಡು ನಿಂತಿತ್ತು. ಅಷ್ಟರಲ್ಲಿ ನಾನು ಲೈಸೆನ್ಸ್ ತೆಗೆದುಕೊಂಡೆ, ಮಂಡ್ಯದಲ್ಲಿ ಕಾಲೇಜು ಸೇರಿದೆ. ಬೆಸಗರಹಳ್ಳಿಯಲ್ಲಿ ಬಸ್ಸು ಹತ್ತಿ, ಮದ್ದೂರಿನಲ್ಲಿ ಇಳಿದು ಇನ್ನೊಂದು ಹಿಡಿಯುವಷ್ಟರಲ್ಲಿ ಮೊದಲನೇ ಲ್ಯಾಬ್ ಅರ್ಧ ಆಗಿರುತ್ತದೆ. ಕಾರನ್ನು ಮಳವಳ್ಳಿಯ ಒಬ್ಬರಿಗೆ ಕೊಟ್ಟುಬಿಡೋಣ, ಇವಳು ಮತ್ತೆ ಹಾಸ್ಟೆಲ್ ಸೇರಲಿ ಅಂತ ಚಿಕ್ಕಪ್ಪ ಹೇಳಿದ. ಆರನೇ ಕ್ಲಾಸಿನಿಂದ ಹಾಸ್ಟೆಲ್ ಅಪ್ಪ. ಬೆಲ್ಲಿನ ಸದ್ದಿಲ್ಲದೆ, ಅಮ್ಮ ಕೂಗಿ ಎಬ್ಬಿಸುತ್ತಿರುವುದು ಈ ವರ್ಷವೇ ಮೊದಲು. ಮತ್ತೆ ಟ್ರಂಕಿನ ಮೇಲೆ ಹೆಸರು ಬರೆದುಕೊಂಡು ಹೋಗುವುದೆಂದರೆ... ಕಾರಿನಲ್ಲೇ ಹೋಗಿ ಬರುತ್ತೇನೆ ಅಂದುಬಿಟ್ಟೆ.

ಅಮ್ಮ ಒಂದೇ ಷರತ್ತು ಹಾಕಿದಳು. “ನಿಮ್ಮಪ್ಪ ನಾಕು ಜನ ಆಫೀಸ್‌ನವ್ರ ಕೂರಿಸ್ಕಂಡು ದಿನಾ ಮಂಡ್ಯಕ್ಕೋಗಿ ಬತ್ತಿದ್ರು. ಸೋಮವಾರ ಹಾಕ್ಸಿದ್ ಪೆಟ್ರೋಲು ಶನಿವಾರ ಸಂದೆ ಗಂಟ ಬತ್ತಿತ್ತು. ನೀನೂ ಬರ್ಸಿ ತೋರ್ಸು, ಕಾರು ಮಡಿಕ್ಕಳವ.”

ಮೊದಲ ವಾರ ಗುರುವಾರವೇ ಪೆಟ್ರೋಲ್ ದೀಪ ಹತ್ತಿಕೊಂಡಿತು. ನನ್ನ ಗಾಡಿಯಲ್ಲಿ ಇದ್ದವಳು ನಾನೊಬ್ಬಳೇ. ಮಳವಳ್ಳಿಯವರು ಇನ್ನೊಂದು ಭಾನುವಾರದ ತನಕ ಕಾಯುತ್ತಾರಂತೆ ಅಂದ ಚಿಕ್ಕಪ್ಪ. ಅಂದರೆ ನನಗೆ ಉಳಿದದ್ದು ಇನ್ನೊಂದೇ ವಾರ.

ಮದ್ದೂರಿನ ಮೆಕ್ಯಾನಿಕ್ ಅಫ್ಸರ್ ಮಾಮನ ಹತ್ತಿರ ಓಡಿದೆ. ನಿನ್ನ ಗಾಡಿಗೆ ನೀನು ಬೇರೆ ಯಾರ ಕೈಯನ್ನೂ ಹಾಕಿಸುತ್ತಿರಲಿಲ್ಲವಲ್ಲ. ಮಾಮ ಬಾನೆಟ್ ಎತ್ತಿದ, ಕಿವಿಗೊಟ್ಟು ಕೇಳಿದ, ಮುಚ್ಚಿದ. “ಗಾಡಿ ಕರೆಕ್ಟಾಗೈತೆ ಕಣಮ್ಮ. ಕುಡೀತಿರೋದು ಗಾಡಿ ಅಲ್ಲ, ನಿನ್ ಕಾಲು.” ಸ್ಟೇರಿಂಗ್ ಕೆಳಗೆ, ಮೊಣಕಾಲ ಹತ್ತಿರ ಒಂದು ಸಾಕೆಟ್ ಇದೆ, ನಿನಗೆ ಗೊತ್ತಿತ್ತಾ? ಗ್ಯಾರೇಜಿನವರು ಇಂಜಿನ್ನಿನ ತೊಂದರೆ ಓದುವ ಜಾಗವಂತೆ. ಅದಕ್ಕೊಂದು ಗೇಜು ಚುಚ್ಚಿ, ವೈರು ಎಳೆದು, ಬೆಂಕಿಪೊಟ್ಟಣದಷ್ಟು ಪರದೆಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದ. ಒಂದು ಲೀಟರಿಗೆ ಎಷ್ಟು ಕಿಲೋಮೀಟರಿನಂತೆ ಓಡುತ್ತಿದ್ದೇವೆ ಅಂತ ಅದು ಆ ಕ್ಷಣಕ್ಕೇ ಹೇಳುತ್ತದೆ. ಹತ್ತು ದಿನ ಇಟ್ಟುಕೋ, ಅದರಾಚೆ ಸೋಮವಾರ ತಂದುಕೊಡು ಅಂದ.

ಎಕ್ಸಾಮ್ ಬರೆಯುತ್ತಿರುವಾಗಲೇ ಪಕ್ಕದಲ್ಲಿ ನಿಂತು ಮಾರ್ಕ್ಸ್ ಹಾಕುತ್ತಾರೆ ಅಂದುಕೋ, ಹಾಗಿತ್ತು. ಹೊರಡುವಾಗ ನಾಲ್ಕು. ಗಾಬರಿಯಾಗಿ ಕಾಲು ಒತ್ತಿದರೆ ಮೂರು. ಆ ಮೂರು ನೋಡಿ ಇನ್ನೂ ಗಾಬರಿ. ನಂಬರನ್ನೇ ನೋಡುತ್ತಾ ಕಬ್ಬಿನ ಟ್ರಾಕ್ಟರಿನ ಹಿಂದಕ್ಕೆ ಗುದ್ದುವುದರಲ್ಲಿದ್ದೆ. ಆಮೇಲೆ ನಿಂತಾಗ ಮಾತ್ರ ಸರಾಸರಿ ನೋಡುವುದು ಅಂತ ನಿಯಮ ಮಾಡಿಕೊಂಡೆ. ಸೋಮವಾರದ ಸರಾಸರಿ ಹನ್ನೆರಡು. ಸಾಲದು.

ಮಂಗಳವಾರ ಬೆಳಗ್ಗೆ ಮನೆ ಮುಂದೆ ಬಗ್ಗಿ ಆ ವೈರು ಸರಿಮಾಡುತ್ತಿದ್ದಾಗ ಸೀಟಿನ ಕೆಳಗೆ ಕೈಗೆ ಏನೋ ಸಿಕ್ಕಿತು. ನಿನ್ನ ಕಪ್ಪು ಶೂ. ಲೇಸು ಸಡಿಲವಾಗಿ ಕಟ್ಟಿದ್ದು ಹಾಗೇ ಇತ್ತು, ಅಡಿ ಸವೆದೇ ಇರಲಿಲ್ಲ. ನಿನಗೆ ನೆನಪಿದೆಯಾ? ಎಂಟನೇ ಕ್ಲಾಸಿನಲ್ಲಿ, ಮಳವಳ್ಳಿಯ ಸ್ಕೂಲ್ ಗೇಟಿನಲ್ಲಿ ನೀನು ಬರಿಗಾಲಲ್ಲಿ ಕಾರಿನಿಂದ ಇಳಿದೆ, ನನ್ನ ಫ್ರೆಂಡ್ಸ್ ನಕ್ಕರು. ಪ್ಲೀಸ್ ಅಪ್ಪ, ಶೂ ಹಾಕಿಕೊಂಡು ಬಾ ಅಂದೆ. ಮುಂದಿನ ತಿಂಗಳು ನೀನು ಹೊಸ ಶೂ ಹಾಕಿಕೊಂಡೇ ಬಂದೆ. ಗೇಟಿನ ಹತ್ತಿರ ಗಾಡಿ ಎರಡು ಸಲ ಜಗ್ಗಿ ಆಫ್ ಆಯಿತು. ನೀನು ನಗುತ್ತಾ ಹೇಳಿದೆ: “ಕಾಲ್ಗೆ ಕಿವುಡು ಬಂದಂಗಾಗದೆ ಕಣವ್ವ. ಪೆಡ್ಲು ಏನ್ ಏಳ್ತದೆ ಅಂತ್ಲೇ ಕೇಳುಸ್ತಿಲ್ಲ.” ಆಮೇಲೆ ಯಾವತ್ತೂ ಗಾಡಿ ಜಗ್ಗಲಿಲ್ಲ. ನೀನು ಶೂನಲ್ಲಿ ಓಡಿಸುವುದನ್ನು ಕಲಿತೆ ಅಂತ ನಾನು ಅಂದುಕೊಂಡಿದ್ದೆ. ನೀನು ಬರಿಗಾಲಲ್ಲೇ ಓಡಿಸಿಕೊಂಡು ಬಂದು, ಸ್ಕೂಲಿಗೆ ಮುಂಚಿನ ತಿರುವಿನಲ್ಲಿ ನಿಲ್ಲಿಸಿ ಶೂ ಹಾಕಿಕೊಳ್ಳುತ್ತಿದ್ದೆ, ಅಲ್ಲವಾ? ಅಷ್ಟು ವರ್ಷ. ನಾನು ಒಂದು ಸಲ ಕೇಳಿದ್ದರೆ...

ನನ್ನ ದಪ್ಪ ಸ್ಪೋರ್ಟ್ಸ್ ಶೂ ಬಿಚ್ಚಿ ನಿನ್ನದರ ಪಕ್ಕ ಇಟ್ಟೆ. ಆಕ್ಸಿಲರೇಟರಿನ ರಬ್ಬರಿನಲ್ಲಿ ಒಂದು ಕಡೆ ಸವೆದ ಗುಳಿ ಇದೆ. ನನ್ನ ಹೆಬ್ಬೆರಳು ಅಲ್ಲೇ ಹೋಗಿ ಕೂತಿತು. ಇಂಜಿನ್ ಯಾವಾಗ ಏದುಸಿರು ಬಿಡುತ್ತದೆ, ಯಾವಾಗ ಸಾಕು ಅನ್ನುತ್ತದೆ, ಎಲ್ಲ ಅಂಗಾಲಿಗೆ ಗೊತ್ತಾಗುತ್ತದೆ! ಮಂಗಳವಾರ ಹದಿನೈದು. ಬುಧವಾರ ಹದಿನೇಳು. ಶುಕ್ರವಾರ ಹತ್ತೊಂಬತ್ತು ದಾಟಿತು, ನಾನು ಪಾರ್ಕಿಂಗಿನಲ್ಲಿ ಒಬ್ಬಳೇ ಕೂತು ಸ್ವಲ್ಪ ಅತ್ತೆ.

ಒಂದು ವಿಷಯದಲ್ಲಿ ಮಾತ್ರ ನೀನು ತಪ್ಪು ಅಪ್ಪ. ಮದ್ದೂರಿನ ಹತ್ತಿರ ಸೇತುವೆಗೆ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ, ಈಗ ಪುಕ್ಕಟೆ ಓಡ್ತಾ ಅದೆ ಅನ್ನುತ್ತಿದ್ದೆಯಲ್ಲ, ಪುಕ್ಕಟೆ ಅಲ್ಲ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಫಾಗದಿರಲು ಗುಟುಕು ಗುಟುಕು ಕುಡಿಯುತ್ತಲೇ ಇರುತ್ತದೆ. ಗಿಯರಿನಲ್ಲೇ ಬಿಟ್ಟು ಬರೀ ಕಾಲು ಎತ್ತಿದರೆ ಪೆಟ್ರೋಲು ಕುಡಿಯುವುದನ್ನೇ ಪೂರ್ತಿ ನಿಲ್ಲಿಸುತ್ತದೆ. ಆ ಇಳಿಜಾರಿನಲ್ಲಿ ಒಂದೆರಡು ಸಲ ನನ್ನ ನಿಯಮ ಮುರಿದು ಗೇಜಿನಲ್ಲಿ ಕಣ್ಣಾರೆ ನೋಡಿದೆ.

ನಿನ್ನೆ ಶನಿವಾರ. ಸಂಜೆ ಮನೆ ಮುಂದೆ ನಿಲ್ಲಿಸಿದಾಗ ಮುಳ್ಳು ಕೊನೆ ಗೆರೆಯ ಮೇಲಿತ್ತು, ದೀಪ ಹತ್ತಿರಲಿಲ್ಲ. ಅಮ್ಮ ಬಂದು ಮುಳ್ಳು ನೋಡಲಿಲ್ಲ. ನನ್ನ ಕಾಲು ನೋಡಿದಳು. “ನಿಮ್ಮಪ್ಪನ್ ಕಾಲೇ ಬುಡು” ಅಂದು, ಒಳಗೆ ಹೋಗಿ ಚಿಕ್ಕಪ್ಪನಿಗೆ ಫೋನ್ ಮಾಡಿದಳು. ಇವತ್ತು ಮಳವಳ್ಳಿಯಿಂದ ಯಾರೂ ಬರಲಿಲ್ಲ. ನಾನು ಮನೆಯಲ್ಲೇ ಇರುತ್ತೇನೆ ಅಪ್ಪ.

ಆದರೆ ನ್ಯೂಟ್ರಲ್ ವಿಷಯದಲ್ಲಿ ಅಮ್ಮ ನಿನ್ನ ಪಾರ್ಟಿ. ಗೇಜಿಗೇನು ಗೊತ್ತು, ನ್ಯೂಟ್ರಲ್‌ನಲ್ಲಿ ಗಾಡಿ ಇನ್ನೂ ದೂರ ಉರುಳುತ್ತದೆ ಅನ್ನುತ್ತಾಳೆ. ನೀನೂ ಅದನ್ನೇ ಅನ್ನುತ್ತೀಯಾ? ನಾಳೆ ಬೆಳಗ್ಗೆ ಗೇಜು ಮಾಮನಿಗೆ ವಾಪಸ್ ಕೊಡಬೇಕು. ಸೇತುವೆ ಅದಕ್ಕೂ ಮುಂಚೆ ಬರುತ್ತದೆ, ಇಳಿಜಾರಿನಲ್ಲಿ ಇನ್ನೊಂದೇ ಸಲ ಪರೀಕ್ಷೆ ಮಾಡಬಹುದು. ಬೇಗ ಉತ್ತರ ಬರಿ.

ನಿನ್ನ ಮಗಳು