ಹರಕೆ ಕಟ್ಟಿದ ಹಗ್ಗ

ಆಗಸ್ಟ್ 19
ತೂಗುಸೇತುವೆಗೆ ಗ್ರೀಸು ಹಚ್ಚುವ ಕೆಲಸ ಮುಕ್ಕಾಲು ಮುಗಿಯಿತು. ನರಿನ್ ಪೇಟೆಯಿಂದ ತಂದ ಡಬ್ಬಿ ಸಾಕಾಗುತ್ತದೆ. ಬಲಗಡೆ ಉಕ್ಕಿನ ಹಗ್ಗ ಚೆನ್ನಾಗಿದೆ. ಎಡಗಡೆಯದೂ ಚೆನ್ನಾಗಿದೆ — ಊರ ಕಡೆಯ ಕಂಬದ ಹತ್ತಿರ ಬರುವತನಕ. ಅಲ್ಲಿಂದ ಬರೀ ಹರಕೆ ಬಟ್ಟೆ. ಪದರದ ಮೇಲೆ ಪದರ, ಕುರಿಯ ಹೊಟ್ಟೆಯಷ್ಟು ದಪ್ಪ. ಮುಟ್ಟಬಾರದೆಂದು ಊರ ಹಿರಿಯರ ಮಾತು.
ಬಟ್ಟೆಯಿಂದ ಕಂದು ನೀರು ತೊಟ್ಟಿಕ್ಕುತ್ತಿದೆ. ಹೋದ ವರ್ಷ ಇರಲಿಲ್ಲ.

ಆಗಸ್ಟ್ 20
ಮಳೆ ಬಿದ್ದು ಎಷ್ಟೋ ದಿನವಾಯಿತು. ಆದರೂ ಬಟ್ಟೆ ಹಿಂಡಿದರೆ ನೀರು. ಕಂಬದ ಪಕ್ಕದ ಹರಕೆ ಬುಗ್ಗೆಯ ನೀರಲ್ಲಿ ಅದ್ದಿಯೇ ಕಟ್ಟುತ್ತಾರಲ್ಲ. ಮೇಲಾಗಿ, ಬೆಟ್ಟದ ಕುರಿಗಳಿಗೆ ಕತ್ತೆ ಮೇಲೆ ಹೇರಿ ಒಯ್ಯುವ ಕಲ್ಲುಪ್ಪಿನ ಪುಡಿ ಉದುರಿ ಬಟ್ಟೆಗೆ ಹಿಡಿಯುತ್ತದೆ. ಬೆರಳು ನೆಕ್ಕಿ ನೋಡಿದೆ — ಉಪ್ಪು.
ಬಟ್ಟೆಯಿಲ್ಲದ ಕಡೆ ಹಗ್ಗ ನೆನೆಯುತ್ತದೆ, ಗಾಳಿಗೆ ಒಣಗುತ್ತದೆ. ಇದು ಒಣಗುವುದೇ ಇಲ್ಲ. ಒಳಗೆ ತುಕ್ಕು ತಡೆಯುವ ಸತುವಿನ ಲೇಪ ಉಳಿದಿದೆಯೋ ಇಲ್ಲವೋ...

ಆಗಸ್ಟ್ 22
ಬುಗ್ಗೆ ಕಾಯುವ ಮುದುಕಿ ಸೈರಾಕಾನ್ ಅಪಾ ಹತ್ತಿರ ಹೋಗಿದ್ದೆ. ಬಟ್ಟೆ ತೆಗೆದು ಪಕ್ಕದ ಮರಕ್ಕೆ ಕಟ್ಟೋಣ, ಹಗ್ಗ ಉಜ್ಜಿ ಗ್ರೀಸು ಹಚ್ಚುತ್ತೇನೆ ಎಂದೆ. ಚಹಾ ಕೊಟ್ಟಳು, ನಕ್ಕಳು.
“ಕಬ್ಬಿಣಾನ ಬಟ್ಟೆ ತಿನ್ನತ್ತೇನೋ? ಇಲೀನಾ ಅದು?”
ಆಮೇಲೆ ನಗು ನಿಲ್ಲಿಸಿ, ಬೇರೆಯವರ ಹರಕೆ ಬಿಚ್ಚಿದವನ ಮನೆಗೇ ಆ ಕೇಡು ಬರುತ್ತದೆ ಎಂದಳು. ಕೈ ತೋರಿಸಿದಳು.
“ಆ ಕೆಂಪುದು ನಿನ್ ಮಗಳ್ದು. ಮೊದಲು ಅದನ್ನ ಬಿಚ್ಚು ನೋಡಾಣ.”
ಗುಲ್ಜಿನಾ ಮೇ ತಿಂಗಳಲ್ಲಿ ಕಟ್ಟಿದ್ದು. ಎರಡು ಸಲ ಬಸಿರು ನಿಲ್ಲಲಿಲ್ಲ. ಈಗ ಆರು ತಿಂಗಳು. ಅಮ್ಮನ ಜತೆ, ಮಂದೆಯೊಡನೆ, ಹೊಳೆಯಾಚೆ ಬೆಟ್ಟದ ಹುಲ್ಲುಗಾವಲಿನಲ್ಲಿದ್ದಾಳೆ.
ಬಿಚ್ಚದೆ ಬಂದೆ.

ಆಗಸ್ಟ್ 24
ರಸ್ತೆ ಕಚೇರಿಗೆ ಫೋನು. ಮೂವತ್ತೊಂದರ ಸ್ವಾತಂತ್ರ್ಯ ದಿನ ಕಳೆಯಲಿ, ಬರುತ್ತೇವೆ ಎಂದರು. ಅಲ್ಲಿಯವರೆಗೆ ಬಣ್ಣ ಬಳಿದಿಡಿ ಎಂದರು. ತುಕ್ಕಿನ ಮೇಲೆ ಬಣ್ಣ!
ಬಟ್ಟೆಯ ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿದೆ. ತಂತಿ ತಡೆಯಬೇಕಿತ್ತು. ತಡೆಯಲಿಲ್ಲ. ಹೊರಗೆಳೆದಾಗ ತುದಿಯಲ್ಲಿ ಚಹಾಪುಡಿಯಂಥ ಚೂರು.

ಆಗಸ್ಟ್ 27
ಮೇಲಿನ ಕಣಿವೆಯಲ್ಲಿ ಹಿಮ. ಇಷ್ಟು ಬೇಗ. ಅಂದರೆ ಮಂದೆ ಇಳಿಯುತ್ತದೆ — ನಾಳೆ, ತಪ್ಪಿದರೆ ನಾಡಿದ್ದು. ಕುರಿ, ಕತ್ತೆ, ಡೇರೆಯ ಹೊರೆ, ಎಲ್ಲ ಸೇತುವೆ ಮೇಲೆ. ಹುಲ್ಲುಗಾವಲಿನಲ್ಲಿ ಫೋನು ಸಿಗುವುದಿಲ್ಲ.
ಪಕ್ಕದ ಮನೆ ಎರ್ಮೆಕ್‌ನನ್ನು ಸೇತುವೆ ಹತ್ತಬೇಡಿ ಎಂದು ಹೇಳಿಬರಲು ಕುದುರೆ ಮೇಲೆ ಕೆಳಗಿನ ಹಾಯ್ಗಡದಿಂದ ಕಳಿಸಿದೆ. ಸಂಜೆ ತೊಯ್ದು ತೊಪ್ಪೆಯಾಗಿ ವಾಪಸ್. ನೀರು ಕುದುರೆಯ ಕುತ್ತಿಗೆಗೆ ಬಂತಂತೆ. “ಮಾವಾ, ಈಜೋ ಕುದುರೆ ಇದ್ರೆ ಕೊಡಿ, ಹೋಗ್ತೀನಿ” ಎಂದ. ಹಲ್ಲು ಕಟಕಟ ಅನ್ನುತ್ತಿತ್ತು.

ಆಗಸ್ಟ್ 28, ಬೆಳಿಗ್ಗೆ
ಬಿಚ್ಚಿದೆ. ಸೈರಾಕಾನ್ ಅಪಾ ಬಂದು ಬೈದಳು. ಆಮೇಲೆ ಹಗ್ಗ ನೋಡಿದಳು. ಬಿಚ್ಚಿದ ಬಟ್ಟೆಗಳನ್ನು ಮಡಿಲಿನಲ್ಲಿ ತುಂಬಿಕೊಂಡು ಮರಕ್ಕೆ ಕಟ್ಟತೊಡಗಿದಳು.
ಆರು ಎಳೆಯ ಹಗ್ಗ. ಎರಡು ಉಳಿದಿವೆ. ಉಳಿದವು ಮುಟ್ಟಿದರೆ ಪುಡಿ.
ಊರ ಕಡೆಗೆ ಅಡ್ಡ ಹಲಗೆ ಹೊಡೆದೆವು. ಅದರಿಂದೇನು? ಅವರು ಬರುವುದು ಆಚೆಯಿಂದ. ಹೊಳೆಯ ಸದ್ದಿಗೆ ಕೂಗು ಕೇಳದು. ಕೈ ಬೀಸಿದರೆ ಬಾ ಎಂದಂತೆ. ಆಚೆ ದಂಡೆಯ ಗೇಟು ಹಾಕಬೇಕು. ಅದಕ್ಕೆ ಯಾರಾದರೂ ದಾಟಬೇಕು.
ಎರ್ಮೆಕ್ ಹೋಗುತ್ತೇನೆಂದ. ಬೇಡ ಎಂದೆ. ಗ್ರೀಸು ಹಚ್ಚುವವನು ನಾನು.
ಒಬ್ಬನ ಭಾರ ಎರಡು ಎಳೆ ತಡೆಯುತ್ತದೆ. ಲೆಕ್ಕ ಹಾಕಿದ್ದೇನೆ. ಆದರೆ ಗುಲ್ಜಿನಾಳ ಕೆಂಪು ಬಟ್ಟೆಯೊಂದನ್ನು ಬಿಚ್ಚಿಲ್ಲ, ಇನ್ನೂ ಹಾಗೇ ಇದೆ. ಅದರಡಿ ಎರಡಿವೆಯೋ, ಒಂದೋ. ನೋಡಿಲ್ಲ. ನೋಡಿದರೆ ದಾಟಲಾರೆ.
ಆಚೆ ನಾಯಿ ಬೊಗಳುತ್ತಿದೆ. ನಮ್ಮದೇ. ತಿರುವಿನಲ್ಲಿ ಧೂಳು. ಕುರಿಗಳಿಗಿಂತ ಮೊದಲು ನಾನು ಗೇಟು—