ಹನ್ನೊಂದು ನಿಮಿಷ ತಡೆದ ಸುದ್ದಿ

ಕ್ರಿ.ಶ. ೨೧೮೯, ಫೆಬ್ರವರಿ ೩೦

ಮುತ್ತಜ್ಜನ ಮುತ್ತಜ್ಜರಾದ ಮಲ್ಲೇಶಪ್ಪನವರಿಗೆ ನಿಮ್ಮ ಕುಡಿ ಈರವ್ವ ಬರೆಯುವುದು. ನಮ್ಮ ಪಂಚಾಂಗ ಬದಲಾಗಿದೆ, ತಾರೀಖು ಕಂಡು ಬೆಚ್ಚಬೇಡಿ. ಮಾತುಗಳೂ ಬದಲಾಗಿವೆ, ಮನ್ನಿಸಿ. ಸುದ್ದಿಗಳನ್ನು ಬೇರೆ ಬೇರೆ ದಾರಿಗೆ ಕಳಿಸುವ ನಿಮ್ಮ ನೆಟ್‌ವರ್ಕ್ ಸ್ವಿಚ್ಚನ್ನು ನಾವು ಕವಲುಪೆಟ್ಟಿಗೆ ಎನ್ನುತ್ತೇವೆ. ಅದರೊಳಗೆ ಸುದ್ದಿಯ ತುಣುಕುಗಳು ಸರದಿ ಕಾಯುವ ಜಾಗ, ಅಂದರೆ ನಿಮ್ಮ ಬಫರ್, ನಮಗೆ ತಂಗುಮನೆ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ.

ನಮ್ಮೂರು ಹೊಳೆಸಾಲಿನಲ್ಲಿ ಇಂದಿಗೂ ನೀವು ರೂಪಿಸಿದ ಪೆಟ್ಟಿಗೆಗಳೇ ಇವೆ. ನೀರಿನ ಪಾಳಿ, ಶಾಲೆಯ ಪಾಠ, ಔಷಧಿ ಚೀಟಿ, ಕುಸ್ತಿಯ ಚಿತ್ರ ಎಲ್ಲವೂ ಒಂದೇ ಸಾಲಿನಲ್ಲಿ ನಿಂತು ಸಾಗಬೇಕು. ಆ ಪೆಟ್ಟಿಗೆಗಳನ್ನು ರಿಪೇರಿ ಮಾಡುವವಳು ನಾನು. ನನ್ನ ತಂಗಿ ಗುರುಬಸವ್ವ ಅಣೆಕಟ್ಟೆಯ ಕೆಳಗಿನ ಕಾಲುವೆಯಲ್ಲಿ ಹೂಳು ತೆಗೆಯುತ್ತಿದ್ದಳು. ಕುಸ್ತಿಯ ದಿನ ಊರೆಲ್ಲ ಚಿತ್ರ ನೋಡುತ್ತಿತ್ತು, ತಂಗುಮನೆ ತುಂಬಿತ್ತು. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಅಣೆಕಟ್ಟೆಯವರು ‘ಮೇಲೆ ಬನ್ನಿ, ನೀರು ಬಿಡುತ್ತೇವೆ’ ಎಂದು ಸುದ್ದಿ ಕಳಿಸಿದರು. ಐದು ನಿಮಿಷ ಬಿಟ್ಟು ಗೇಟು ತೆರೆಯುವುದು ಪದ್ಧತಿ, ಹಾಗೇ ತೆರೆದರು. ಸುದ್ದಿ ಅವಳನ್ನು ತಲುಪಿದ್ದು ಹನ್ನೊಂದು ನಿಮಿಷಕ್ಕೆ. ಮೂರನೇ ದಿನ ಹೆಣ ಸಿಕ್ಕಾಗ ಆ ಸುದ್ದಿ ಅವಳ ಮಣಿಕಟ್ಟಿನ ಪಟ್ಟಿಯಲ್ಲಿ ಇನ್ನೂ ಮಿನುಗುತ್ತಿತ್ತು.

ಕವಲುಪೆಟ್ಟಿಗೆಗಳ ಠಾಣೆಯ ಮುಖ್ಯಸ್ಥ ವಿರುಪಣ್ಣ ದಾಖಲೆ ತೆರೆದು ನನ್ನ ಮುಂದೆ ಹಿಡಿದ.

“ಒಂದೂ ಕಳದಿಲ್ಲ ನೋಡವಾ, ಎಲ್ಲಾ ಮುಟ್ಯಾವ.”

“ಮುಟ್ಟಿದಾಗ ಓದಾಕ ಆಕಿ ಇರಲಿಲ್ಲಣ್ಣ.”

ಒಂದನ್ನೂ ಕಳೆಯದೆ ಎಲ್ಲವನ್ನೂ ಸರದಿಯಲ್ಲಿ ಕಾಯಿಸುವುದು ನಿನ್ನ ಹಿರಿಯರೇ ಮಾಡಿದ ಕಟ್ಟಳೆ ಎಂದು ಅವನು ತಣ್ಣಗೆ ಹೇಳಿದ. ನಾನು ಹಳೆಯ ಕಡತಗಳನ್ನೆಲ್ಲ ಜಾಲಾಡಿದೆ. ನಿಮ್ಮ ಕೈಬರಹ ಸಿಕ್ಕಿತು. ತಂಗುಮನೆ ದೊಡ್ಡದಾದಷ್ಟೂ ಸುದ್ದಿ ತಡವಾಗುತ್ತದೆ ಎಂದು ನೀವೇ ಬರೆದಿದ್ದಿರಿ. ಅದರ ಕೆಳಗೆ, ‘ಕಳೆದುಹೋದರೆ ಜನ ದೂರುತ್ತಾರೆ, ತಡವಾದರೆ ಯಾರೂ ಕೇಳುವುದಿಲ್ಲ, ದೊಡ್ಡದೇ ಇರಲಿ’ ಎಂದು ಬರೆದು ಸಹಿ ಹಾಕಿದ್ದಿರಿ.

ನಾನು ಕೇಳಿದೆ. ಊರ ಸಭೆಯಲ್ಲಿ ಆ ಹಾಳೆಯನ್ನು ಎರಡು ಸಲ ಓದಿದೆ. ವಿರುಪಣ್ಣನಿಗೂ ಇದು ಇಪ್ಪತ್ತು ವರ್ಷದಿಂದ ಗೊತ್ತಿತ್ತೆಂಬುದು ಬಯಲಾಯಿತು. ಸಭೆಯ ತೀರ್ಪಿನಂತೆ ಈಗ ಅವನು ಅದೇ ಕಾಲುವೆಯಲ್ಲಿ ಹೂಳು ಎತ್ತುತ್ತಾನೆ. ಎಚ್ಚರಿಕೆಗಳಿಗೆ ಪ್ರತ್ಯೇಕ ದಾರಿ ಮಾಡಿದ್ದೇನೆ. ಅವನೂ ಅದರಿಂದಲೇ ಬದುಕಿದ್ದಾನೆ, ನನಗದು ಸಂಕಟ. ಠಾಣೆಯ ಗೋಡೆಯ ಮೇಲಿದ್ದ ನಿಮ್ಮ ಹೆಸರಿನ ಕಲ್ಲನ್ನು ನನ್ನ ಕೈಯಾರೆ ಒಡೆದೆ. ತೋಳು ನೋಯುವವರೆಗೂ ಒಡೆದೆ.

ನಮ್ಮ ಮನೆಯಲ್ಲಿ ತೊಟ್ಟಿಲಿಗೆ ಹಾಕುವಾಗ ಏಳು ತಲೆಯ ಹಿರಿಯರ ಹೆಸರು ಹೇಳುವುದುಂಟು. ಮೊನ್ನೆ ನನ್ನ ಮಗಳ ಸರದಿ. ನಿಮ್ಮ ಹೆಸರು ಬರುವಲ್ಲಿ ನಾನು ಬಾಯಿ ಬಿಗಿಹಿಡಿದೆ. ಅತ್ತೆ ನನ್ನ ಮುಖ ನೋಡಿ ಮುಂದಿನದನ್ನು ಹೇಳಿದರು.

ಆ ಹಾಳೆಗೆ ಸಹಿ ಹಾಕುವ ಮುನ್ನ ಇದು ನಿಮ್ಮ ಕೈ ಸೇರಿದರೆ ಪೆನ್ನು ಕೆಳಗಿಡಿ. ಸೇರದಿದ್ದರೆ ನಿಮಗೆ ತರ್ಪಣದ ನೀರು ಬಿಡಲು, ಹೆಸರು ಹಿಡಿದು ಕರೆಯಲು ನಮ್ಮಲ್ಲಿ ಯಾರೂ ಉಳಿದಿಲ್ಲವೆಂದು ತಿಳಿಯಿರಿ.